ಶುಲ್ಕವೂ ಸಮ್ಮತಿಯೂ: ಬಿಡದಿ ಪ್ರದೇಶವನ್ನು ನಿಮಿತ್ತವಾಗಿಟ್ಟುಕೊಂಡು ಒಂದು ವಿಚಾರ

ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲಿರುವ ಬಿಡದಿಯ ಕೈಗಾರಿಕಾ ಪ್ರದೇಶ ಮತ್ತು ಅದರ ಸುತ್ತಲಿನ ಸೀಮೆ ಕಾರ್ಖಾನೆಗಳಿಗೆ ಹೇಗೋ ಹಾಗೆಯೇ ವಿದ್ಯಾಸಂಸ್ಥೆಗಳಿಗೂ ಇಂದು ನೆಲೆಯಾಗಿವೆ. ಒಂದು ತಲೆಮಾರಿನ ಹಿಂದೆ ರಾಗಿ ಹೊಲವೂ ಹಿಪ್ಪುನೇರಳೆ ತೋಟವೂ ಇದ್ದ ಕಡೆ ಇಂದು ಇಂಜಿನಿಯರಿಂಗ್ ಕಾಲೇಜುಗಳ ಬಸ್ಸುಗಳೂ ಕಾರ್ಖಾನೆಯ ಪಾಳಿಯ ಬಸ್ಸುಗಳೂ ಒಂದೇ ರಸ್ತೆಯಲ್ಲಿ ಓಡಾಡುತ್ತವೆ. ಇಲ್ಲಿಯ ಮನೆಗಳಲ್ಲಿ ವಿದ್ಯೆಯ ಮಾತು ಬಂದಾಗ ಶುಲ್ಕದ ಮಾತು ಒಡನೆಯೇ ಬರುತ್ತದೆ. ವಿದ್ಯೆಯ ವೆಚ್ಚವನ್ನು ಯಾರು ಹೊರಬೇಕು, ಎಷ್ಟು ಹೊರಬೇಕು, ಅದನ್ನು ನಿಶ್ಚಯಿಸುವಾಗ ಯಾರನ್ನು ಕೇಳಬೇಕು ಎಂಬ ಮೂರು ಪ್ರಶ್ನೆಗಳಲ್ಲಿ ಮೊದಲಿನ ಎರಡನ್ನು ಕುರಿತು ನಮ್ಮಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಮೂರನೆಯದನ್ನು ಕುರಿತ ವಿಚಾರ ಅಷ್ಟಾಗಿ ನಡೆದಿಲ್ಲ. ಚುನಾಯಿತ ವಿದ್ಯಾರ್ಥಿ ಸಂಘವೊಂದು ಸಭೆ ಸೇರಿ, ತನ್ನ ವಿಶ್ವವಿದ್ಯಾನಿಲಯದ ಶುಲ್ಕವೃದ್ಧಿಗೆ ಬೆಂಬಲ ಕೊಡಬೇಕೆ ಬೇಡವೆ ಎಂದು ಲೆಕ್ಕಪತ್ರಗಳನ್ನು ಮುಂದಿಟ್ಟುಕೊಂಡು ಚರ್ಚಿಸುವುದು ಬೇರೆ ದೇಶಗಳಲ್ಲಿ ಕಂಡುಬರುವ ಸಂಗತಿ. ಕರ್ನಾಟಕದಲ್ಲಿ ಅದು ರೂಢಿಯಾಗಿ ಏಕೆ ಬೆಳೆಯಲಿಲ್ಲವೆಂಬುದನ್ನು ನಾವು ಇಲ್ಲಿ ಪರಿಶೀಲಿಸಬೇಕೆಂದಿದ್ದೇವೆ.

ಶುಲ್ಕವೆಂಬ ಸಂಸ್ಕೃತ ಶಬ್ದವೇ ತದ್ಭವವಾಗಿ ಕನ್ನಡದ ಸುಂಕವಾಯಿತು. ನಮ್ಮ ಶಾಸನಗಳಲ್ಲಿ ಸುಂಕವೆಂದರೆ ಸಂತೆಯಲ್ಲಿ, ದಾರಿಯಲ್ಲಿ, ಹೇರಿನ ಮೇಲೆ ತೆರುವ ಹಣ. ಓದುವವನು ತೆರುವ ಹಣವಲ್ಲ. ಓದುವವನ ವೆಚ್ಚವನ್ನು ಹೊರುತ್ತಿದ್ದುದು ಬೇರೆ ವ್ಯವಸ್ಥೆ. ಕ್ರಿ.ಶ. 945ರ ಸಾಲೋಟಗಿಯ ಶಾಸನ ಇದಕ್ಕೆ ಉತ್ತಮ ನಿದರ್ಶನ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ಶಾಲೆಯೊಂದನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆಗಳಿದ್ದವು. ಭೂಮಿಯ ಹುಟ್ಟುವಳಿಯನ್ನು ಅದಕ್ಕೆ ಬಿಟ್ಟಿತ್ತು. ಇಷ್ಟೇ ಆಗಿದ್ದರೆ ಅದು ಎಲ್ಲ ದತ್ತಿಗಳಂತೆ ಇನ್ನೊಂದು ದತ್ತಿ. ಆದರೆ ಅದೇ ಶಾಸನದಲ್ಲಿ ಊರವರು ಮದುವೆಯ ಸಂದರ್ಭದಲ್ಲಿ ಐದು ನಾಣ್ಯ, ಉಪನಯನದಲ್ಲಿ ಅದರ ಅರ್ಧ, ಚೌಲದಲ್ಲಿ ಅದರ ಅರ್ಧವನ್ನು ಶಾಲೆಗೆ ಸಲ್ಲಿಸಬೇಕೆಂಬ ಕಟ್ಟಳೆಯೂ ಇದೆ. ಕೊಡುವವರು ಯಾರು, ಯಾವಾಗ, ಎಷ್ಟು ಎಂಬುದು ಎಲ್ಲರೂ ಓದುವಂತೆ ಕಲ್ಲಿನಲ್ಲಿ ಕೆತ್ತಲ್ಪಟ್ಟಿದೆ. ಆ ವಿದ್ಯೆ ಕೆಲವೇ ಕುಲಗಳಿಗೆ ಮೀಸಲಾಗಿದ್ದಿತೆಂಬುದನ್ನು ಮರೆತು ಅದನ್ನು ಸುವರ್ಣಯುಗವೆಂದು ಹೊಗಳುವ ಅಭ್ಯಾಸ ನಮ್ಮದಲ್ಲ. ಇಲ್ಲಿ ನಮಗೆ ಮುಖ್ಯವಾದುದು ಒಂದೇ: ಹಣ ತೆರುವವನಿಗೆ ತೆರಿಗೆಯ ಪ್ರಮಾಣವೂ ಉದ್ದೇಶವೂ ಗೊತ್ತಿರಬೇಕೆಂಬ ಭಾವನೆ ಈ ನಾಡಿನಲ್ಲಿ ಹೊಸದಲ್ಲ.

ತಿಳಿಸುವುದು ಬೇರೆ, ಕೇಳುವುದು ಬೇರೆ, ಒಪ್ಪಿಗೆ ಪಡೆಯುವುದು ಬೇರೆ. ಈ ಮೂರು ಮೆಟ್ಟಿಲುಗಳನ್ನು ಮೈಸೂರು ಸಂಸ್ಥಾನದ ಪ್ರಜೆಗಳು ಎಷ್ಟು ನಿಧಾನವಾಗಿ ಏರಿದರೆಂಬುದಕ್ಕೆ ಪ್ರಜಾಪ್ರತಿನಿಧಿ ಸಭೆಯ ಚರಿತ್ರೆಯೇ ಸಾಕ್ಷಿ. ದಿವಾನ್ ರಂಗಾಚಾರ್ಲು ಅವರು 1881ರ ದಸರೆಯ ಕಾಲದಲ್ಲಿ 144 ಸದಸ್ಯರ ಆ ಸಭೆಯನ್ನು ಸೇರಿಸಿದಾಗ ಸರ್ಕಾರ ತಾನು ಮಾಡಿದುದನ್ನು ತಿಳಿಸುವುದೂ ಸದಸ್ಯರು ತಮ್ಮ ಅಹವಾಲನ್ನು ಹೇಳಿಕೊಳ್ಳುವುದೂ ಮಾತ್ರ ಅದರ ಕೆಲಸವಾಗಿದ್ದಿತು. ಹೊಸ ತೆರಿಗೆಯನ್ನು ವಿಧಿಸುವ ಮುನ್ನ ಸಭೆಯ ಅಭಿಪ್ರಾಯವನ್ನು ಕೇಳಲೇಬೇಕೆಂಬ ನಿಯಮ ಶಾಸನಬದ್ಧವಾದುದು 1923ರಲ್ಲಿ, ಎಂದರೆ 42 ವರ್ಷಗಳ ತರುವಾಯ. ಅದೂ ಕೇಳುವ ಕಟ್ಟಳೆಯೇ ಹೊರತು ಒಪ್ಪಿಗೆಯ ಕಟ್ಟಳೆಯಲ್ಲ. ಈ ಸುಧಾರಣೆಗಳಿಗೆ ಆಧಾರವಾದ ವರದಿಯನ್ನು ಸಿದ್ಧಪಡಿಸಿದ ಸಮಿತಿಯ ಅಧ್ಯಕ್ಷರು ಬ್ರಜೇಂದ್ರನಾಥ ಸೀಲರು. ಅವರೇ ಆಗ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳು. ಸಂಸ್ಥಾನದ ರೈತನನ್ನೂ ವರ್ತಕನನ್ನೂ ತೆರಿಗೆಯ ವಿಷಯದಲ್ಲಿ ಕೇಳಬೇಕೆಂಬ ತತ್ತ್ವಕ್ಕೆ ರೂಪುಕೊಟ್ಟ ಕೈಯೇ ವಿಶ್ವವಿದ್ಯಾನಿಲಯದ ಆಡಳಿತವನ್ನೂ ನಡೆಸುತ್ತಿದ್ದಿತು. ಆದರೆ ಆ ತತ್ತ್ವ ಕಾಲೇಜಿನ ಶುಲ್ಕಕ್ಕೂ ಅನ್ವಯಿಸಬೇಕೆಂಬ ಮಾತು ಆ ಕಾಲದ ದೃಷ್ಟಿಗೆ ಬೀಳಲಿಲ್ಲ.

ಬೀಳದಿದ್ದುದಕ್ಕೆ ಕಾರಣಗಳೂ ಇವೆ. 1916ರಲ್ಲಿ ಮೈಸೂರಿನ ಮಹಾರಾಜ ಕಾಲೇಜನ್ನೂ ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನೂ ಕೂಡಿಸಿ ವಿಶ್ವವಿದ್ಯಾನಿಲಯ ಸ್ಥಾಪಿತವಾದಾಗ, ಹಳ್ಳಿಯ ಹುಡುಗನಿಗೆ ಶುಲ್ಕಕ್ಕಿಂತ ಅನ್ನವೂ ವಸತಿಯೂ ದೊಡ್ಡ ತೊಡಕಾಗಿದ್ದವು. ವಾರಾನ್ನವೆಂಬ ಒಂದು ಶಬ್ದವೇ ಆ ಕಾಲದ ವಿದ್ಯಾಭ್ಯಾಸದ ಅರ್ಥಶಾಸ್ತ್ರವನ್ನೆಲ್ಲ ಹೇಳಿಬಿಡುತ್ತದೆ: ವಾರದ ಏಳು ದಿನ ಏಳು ಮನೆಗಳಲ್ಲಿ ಊಟ. ವಾರಾನ್ನ ಸಿಕ್ಕದ ಜಾತಿಗಳ ಹುಡುಗರಿಗೆ ಅದೂ ಇಲ್ಲ. ಆದಕಾರಣವೇ ಜಾತಿ ಸಂಘಗಳ ಹಾಗೂ ಮಠಗಳ ಉಚಿತ ವಿದ್ಯಾರ್ಥಿನಿಲಯಗಳು ತಲೆಯೆತ್ತಿದವು. 1918ರಲ್ಲಿ ನೇಮಕವಾದ ಲೆಸ್ಲಿ ಮಿಲ್ಲರ್ ಸಮಿತಿಯ ತರುವಾಯ ಹಿಂದುಳಿದ ವರ್ಗಗಳ ವಿದ್ಯಾರ್ಥಿವೇತನಗಳು ವಿಸ್ತಾರಗೊಂಡವು. ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಹುಟ್ಟಿದ ಕೆಂಗಲ್ ಹನುಮಂತಯ್ಯನವರು 1930ರಲ್ಲಿ ಮಹಾರಾಜ ಕಾಲೇಜಿನಿಂದ ಪದವೀಧರರಾಗಿ ಹೊರಬಂದುದು ಇಂಥ ಕಾಲದಲ್ಲಿ. ಈ ಸೀಮೆಯ ಹುಡುಗ ಪದವಿಗಾಗಿ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಾಗಿದ್ದಿತು. ಕಾಲೇಜೇ ಬಿಡದಿಗೆ ಬರುವುದಕ್ಕೆ ಇನ್ನೂ ಬಹಳ ವರ್ಷಗಳು ಬೇಕಾಗಿದ್ದವು.

ಸ್ವಾತಂತ್ರ್ಯದ ಮೊದಲೂ ಅನಂತರವೂ ನಮ್ಮ ವಿದ್ಯಾರ್ಥಿಗಳು ಮೌನವಾಗಿದ್ದರೆಂದು ಯಾರೂ ಹೇಳಲಾರರು. 1928ರ ಬೆಂಗಳೂರಿನ ಗಣಪತಿ ಗಲಭೆ ಶಾಲೆಯೊಂದರ ಅಂಗಳದಿಂದಲೇ ಹೊರಟಿತು. 1947ರ ಮೈಸೂರು ಚಲೋ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರನ್ನು ಮೈಸೂರಿನ ವೃತ್ತವೊಂದು ಇಂದಿಗೂ ಹೊತ್ತಿದೆ. ಆದರೆ ಬೀದಿಯಲ್ಲಿ ರಾಜ್ಯದ ಪ್ರಶ್ನೆಯನ್ನೆತ್ತಿದ ವಿದ್ಯಾರ್ಥಿ, ಕಾಲೇಜಿನ ಸಂಘದೊಳಗೆ ಬಹುಮಟ್ಟಿಗೆ ಭಾಷಣ ಸ್ಪರ್ಧೆ, ಅಣಕು ಶಾಸನಸಭೆ, ನಾಟಕ, ವಾರ್ಷಿಕ ಸಂಚಿಕೆ, ಸಾಹಿತಿಗಳನ್ನು ಕರೆಸಿ ನಡೆಸುವ ಉದ್ಘಾಟನೆ ಇವುಗಳಲ್ಲಿ ತೃಪ್ತನಾಗಿದ್ದನು. ಸಂಘದ ಚಂದಾ ಶುಲ್ಕದ ಜೊತೆಯಲ್ಲಿಯೇ ವಸೂಲಾಗುತ್ತಿದ್ದಿತು. ಸಂಘವು ಆ ಚಂದಾಹಣವನ್ನು ಹಂಚುವುದರಲ್ಲಿ ಚುರುಕಾಗಿದ್ದಷ್ಟು ಬೋಧನಾ ಶುಲ್ಕದ ಲೆಕ್ಕವನ್ನು ಕೇಳುವುದರಲ್ಲಿ ಚುರುಕಾಗಿರಲಿಲ್ಲವೆಂದೇ ನಮ್ಮ ಅಭಿಪ್ರಾಯ. ಶುಲ್ಕವನ್ನು ಗೊತ್ತುಮಾಡುತ್ತಿದ್ದುದು ಸರ್ಕಾರ, ಅದೂ ಕಡಮೆಯೇ. ಹೀಗಿರಲು ಕೇಳುವ ಅಗತ್ಯವೂ ತೋರಲಿಲ್ಲ. 1964–66ರ ಕೊಠಾರಿ ಆಯೋಗವು ಬೋಧನಾ ಶುಲ್ಕ ಕ್ರಮೇಣ ಕಡಮೆಯಾಗುತ್ತ ಹೋಗಬೇಕೆಂಬ ದಿಕ್ಕಿನಲ್ಲಿಯೇ ಆಲೋಚಿಸಿತು. ಅಧ್ಯಾಪಕರೂ ವಿದ್ಯಾರ್ಥಿಗಳೂ ಕೂಡಿದ ಸಮಿತಿಗಳಿರಬೇಕೆಂದೂ ಅದೇ ಆಯೋಗ ಸೂಚಿಸಿದ್ದಿತು. ಶುಲ್ಕ ಇಳಿಯುವ ಕಾಲದಲ್ಲಿ ಸಮ್ಮತಿಯ ಪ್ರಶ್ನೆ ಏಳುವುದಿಲ್ಲ.

ಶುಲ್ಕ ಏರತೊಡಗಿದುದು ಸರ್ಕಾರಿ ಕಾಲೇಜಿನಲ್ಲಿ ಅಲ್ಲ, ಖಾಸಗಿ ವೃತ್ತಿಶಿಕ್ಷಣದಲ್ಲಿ. 1953ರಲ್ಲಿ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಿಂದ ಮೊದಲಾದ ಖಾಸಗಿ ಕಾಲೇಜುಗಳ ಸಾಲು ಎಪ್ಪತ್ತು ಮತ್ತು ಎಂಬತ್ತರ ದಶಕಗಳಲ್ಲಿ ರಾಜ್ಯವನ್ನೆಲ್ಲ ವ್ಯಾಪಿಸಿತು. ಅನ್ಯರಾಜ್ಯಗಳ ಹುಡುಗರು ಇಲ್ಲಿಗೆ ಬಂದರು; ಜನರ ಬಾಯಲ್ಲಿ ಡೊನೇಷನ್ ಎಂಬ ಶಬ್ದ ಕನ್ನಡದ್ದೇ ಆಯಿತು. 1984ರಲ್ಲಿ ರಾಜ್ಯವು ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿತು. ಆ ಕಾಯಿದೆಯ ಅಡಿಯಲ್ಲಿ 1989ರ ಜೂನ್ 5ರಂದು ಹೊರಟ ಅಧಿಸೂಚನೆ ನಮ್ಮ ವಿಷಯಕ್ಕೆ ಬಹು ಮುಖ್ಯವಾದುದು. ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸ್ಥಾನ ಪಡೆದವನಿಗೆ ವರ್ಷಕ್ಕೆ 2,000 ರೂಪಾಯಿ. ಉಳಿದ ಕರ್ನಾಟಕದ ವಿದ್ಯಾರ್ಥಿಗೆ 25,000ಕ್ಕೆ ಮೀರದಂತೆ. ಹೊರರಾಜ್ಯದ ಭಾರತೀಯ ವಿದ್ಯಾರ್ಥಿಗೆ 60,000ಕ್ಕೆ ಮೀರದಂತೆ ಎಂದು ಅದು ಗೊತ್ತುಮಾಡಿತು. ಒಂದೇ ಬೆಂಚಿನ ಮೇಲೆ ಕುಳಿತ ಮೂವರಿಗೆ ಮೂರು ದರ.

ಈ ದಿನಾಂಕವನ್ನು ಚರಿತ್ರೆಯ ವಿದ್ಯಾರ್ಥಿ ಸ್ವಲ್ಪ ನಿಂತು ನೋಡಬೇಕು. 1989ರ ಏಪ್ರಿಲ್ 21ರಂದು ಬೊಮ್ಮಾಯಿ ಸರ್ಕಾರ ವಜಾಗೊಂಡು ವಿಧಾನಸಭೆ ವಿಸರ್ಜಿತವಾಗಿದ್ದಿತು. ರಾಜ್ಯ ರಾಷ್ಟ್ರಪತಿ ಆಳ್ವಿಕೆಯಲ್ಲಿದ್ದಿತು. ಎಂದರೆ ಈ ದರಗಳು ಹೊರಟಾಗ ಅವುಗಳನ್ನು ಪ್ರಶ್ನಿಸಬಹುದಾದ ವಿಧಾನಸಭೆ ಅಸ್ತಿತ್ವದಲ್ಲಿರಲಿಲ್ಲ. ಇನ್ನು 1989–90ರ ಸುಮಾರಿಗೆ, ಹಿಂಸೆ ಮತ್ತು ರಾಜಕೀಯ ಪಕ್ಷಗಳ ಪ್ರವೇಶವನ್ನು ಕಾರಣವಾಗಿ ತೋರಿ, ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆಗಳನ್ನು ನಿಲ್ಲಿಸಲಾಯಿತು. ಈ ಎರಡು ಘಟನೆಗಳಿಗೆ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸುವುದು ಅವಸರದ ಮಾತಾದೀತು. ಚುನಾವಣೆಗಳಲ್ಲಿ ಹೊಡೆದಾಟಗಳು ನಡೆದುದೂ ಸುಳ್ಳಲ್ಲ. ಆದರೆ ಶುಲ್ಕವು ಸಾವಿರಗಳಿಂದ ಹತ್ತು ಸಾವಿರಗಳಿಗೆ ಜಿಗಿದ ಕಾಲದಲ್ಲಿಯೇ ಅದನ್ನು ಕುರಿತು ಮಾತನಾಡಬಹುದಾಗಿದ್ದ ಸಭೆಯ ಬಾಗಿಲು ಮುಚ್ಚಿತೆಂಬುದು ಮಾತ್ರ ಕಾಲಾನುಕ್ರಮದಿಂದ ಸ್ಪಷ್ಟವಾಗುತ್ತದೆ. ಸಂಘವಿದ್ದಾಗ ಶುಲ್ಕದ ಪ್ರಶ್ನೆಯಿರಲಿಲ್ಲ. ಶುಲ್ಕದ ಪ್ರಶ್ನೆ ಬಂದಾಗ ಸಂಘವಿರಲಿಲ್ಲ.

ಹಾಗಾದರೆ ವಾದ ಎಲ್ಲಿಗೆ ಹೋಯಿತು? ನ್ಯಾಯಾಲಯಕ್ಕೆ. ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದರಲ್ಲಿ ಸ್ಥಾನ ಬಯಸಿದ ಉತ್ತರಪ್ರದೇಶದ ವಿದ್ಯಾರ್ಥಿನಿ ಮೋಹಿನಿ ಜೈನ್ ಅವರು 60,000 ರೂಪಾಯಿಯ ದರವನ್ನು ಪ್ರಶ್ನಿಸಿದರು. 1992ರ ಜುಲೈ 30ರಂದು ಸರ್ವೋಚ್ಚ ನ್ಯಾಯಾಲಯವು ವಿದ್ಯೆಯ ಹಕ್ಕು ಸಂವಿಧಾನದ 21ನೆಯ ಅನುಚ್ಛೇದದಲ್ಲಿಯೇ ಅಡಕವಾಗಿದೆಯೆಂದೂ ಇಂಥ ಶುಲ್ಕ ಸಮಾನತೆಗೆ ವಿರುದ್ಧವೆಂದೂ ತೀರ್ಪಿತ್ತಿತು. ಮರುವರ್ಷವೇ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ಆ ಹಕ್ಕನ್ನು ಉಚಿತವಾಗಿ ಪಡೆಯುವುದು 14 ವರ್ಷದವರೆಗೆ ಮಾತ್ರವೆಂದು ಸಂಕೋಚಗೊಳಿಸಿ, ಖಾಸಗಿ ವೃತ್ತಿಶಿಕ್ಷಣದಲ್ಲಿ ಅರ್ಧ ಉಚಿತ ಸ್ಥಾನ, ಅರ್ಧ ಪಾವತಿ ಸ್ಥಾನ ಎಂಬ ಏರ್ಪಾಡನ್ನು ವಿಧಿಸಿತು. 1994ರಿಂದ ರಾಜ್ಯದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ನಡೆಯತೊಡಗಿದುದು ಈ ಹಿನ್ನೆಲೆಯಲ್ಲಿ. ಹಳ್ಳಿಯ ಎಷ್ಟೋ ಹುಡುಗರು ಇಂಜಿನಿಯರುಗಳಾದುದು ಆ ಏರ್ಪಾಡಿನ ಫಲ. 2002ರ ಅಕ್ಟೋಬರ್ 31ರಂದು ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠ ಅದನ್ನು ರದ್ದುಗೊಳಿಸಿ, ಅನುದಾನರಹಿತ ಸಂಸ್ಥೆ ತನ್ನ ಶುಲ್ಕವನ್ನು ತಾನೇ ಗೊತ್ತುಮಾಡಿಕೊಳ್ಳಬಹುದು, ಲಾಭಕೋರತನ ಮಾತ್ರ ಸಲ್ಲದು ಎಂದಿತು. ಲಾಭಕೋರತನವನ್ನು ಅಳೆಯುವವರು ಯಾರು? ಇದಕ್ಕೆ ಉತ್ತರ 2003ರ ಆಗಸ್ಟ್ 14ರ ಇಸ್ಲಾಮಿಕ್ ಅಕಾಡೆಮಿ ತೀರ್ಪಿನಲ್ಲಿ ಬಂದಿತು. ಅದು ಕೂಡ ಕರ್ನಾಟಕ ಸರ್ಕಾರವೇ ಪ್ರತಿವಾದಿಯಾಗಿದ್ದ ಮೊಕದ್ದಮೆ.

ಆ ತೀರ್ಪಿನ ಪ್ರಕಾರ ಪ್ರತಿಯೊಂದು ರಾಜ್ಯದಲ್ಲಿಯೂ ಶುಲ್ಕ ಸಮಿತಿಯೊಂದು ಇರಬೇಕು. ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರೊಬ್ಬರು ಅಧ್ಯಕ್ಷರು, ಹೆಸರಾಂತ ಲೆಕ್ಕಪರಿಶೋಧಕರೊಬ್ಬರು, ವೈದ್ಯಕೀಯ ಅಥವಾ ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಲಿಯ ಪ್ರತಿನಿಧಿಯೊಬ್ಬರು, ರಾಜ್ಯದ ಸಂಬಂಧಪಟ್ಟ ಕಾರ್ಯದರ್ಶಿ, ಬೇಕಾದಲ್ಲಿ ಸಮಿತಿಯೇ ಸೇರಿಸಿಕೊಳ್ಳುವ ಮತ್ತೊಬ್ಬ ಗಣ್ಯರು. ಒಟ್ಟು ಐವರಿಗೆ ಮೀರಬಾರದು. ಸಂಸ್ಥೆ ತನ್ನ ಲೆಕ್ಕಪುಸ್ತಕಗಳನ್ನು ಇವರ ಮುಂದಿಡಬೇಕು. ಗೊತ್ತಾದ ಶುಲ್ಕ ಮೂರು ವರ್ಷ ನಡೆಯಬೇಕು. ಏರ್ಪಾಡು ವಿವೇಕಯುತವಾದುದೇ. ಆದರೆ ಕೊಡುವವನ ಕಡೆಯಿಂದ ಇಲ್ಲಿ ಯಾರೂ ಇಲ್ಲ. ಕೊಳ್ಳುವ ಸಂಸ್ಥೆ ತನ್ನ ವೆಚ್ಚವನ್ನು ನಿರೂಪಿಸುತ್ತದೆ, ನ್ಯಾಯಾಧೀಶರು ತೂಗುತ್ತಾರೆ, ವಿದ್ಯಾರ್ಥಿ ಫಲವನ್ನು ಸೂಚನಾಫಲಕದಲ್ಲಿ ಓದಿಕೊಳ್ಳುತ್ತಾನೆ. 1881ರ ಪ್ರಜಾಪ್ರತಿನಿಧಿ ಸಭೆಯ ಸದಸ್ಯನಿಗಾದರೂ ದಸರೆಯಲ್ಲಿ ಎದ್ದು ನಿಂತು ಅಹವಾಲು ಹೇಳುವ ಅವಕಾಶವಿದ್ದಿತು.

ಇದೇ ಕಾಲದಲ್ಲಿ ಸರ್ಕಾರಿ ವಿಶ್ವವಿದ್ಯಾನಿಲಯಗಳ ಮೇಲೂ ಒತ್ತಡ ಬಿದ್ದಿತು. ತೊಂಬತ್ತರ ದಶಕದ ಆದಿಯಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಪುನ್ನಯ್ಯ ಸಮಿತಿಯು, ವಿಶ್ವವಿದ್ಯಾನಿಲಯಗಳು ತಮ್ಮ ಆವರ್ತಕ ವೆಚ್ಚದ ಶೇಕಡ 15ರಷ್ಟನ್ನು ಐದು ವರ್ಷಗಳಲ್ಲಿ, ಶೇಕಡ 25ರಷ್ಟನ್ನು ಹತ್ತು ವರ್ಷಗಳಲ್ಲಿ ತಾವೇ ಸಂಪಾದಿಸಿಕೊಳ್ಳಬೇಕೆಂದು ಸಲಹೆ ಮಾಡಿತು.

ಈಗ ಬಿಡದಿಗೆ ಹಿಂದಿರುಗೋಣ. ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆ 1999ರ ಕೊನೆಯಲ್ಲಿ ಇಲ್ಲಿ ಉತ್ಪಾದನೆಯನ್ನು ಪ್ರಾರಂಭಿಸಿತು. 2007ರಲ್ಲಿ, ರಾಮನಗರ ಜಿಲ್ಲೆ ಹುಟ್ಟಿದ ವರ್ಷವೇ, ಅದೇ ಕಂಪೆನಿ ತಾಂತ್ರಿಕ ತರಬೇತಿ ಸಂಸ್ಥೆಯೊಂದನ್ನು ತೆರೆಯಿತು. (ಆ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಮರುನಾಮಕರಣವಾಯಿತು, ಚರಿತ್ರೆಯ ಅಧ್ಯಾಪಕರಿಗೆ ಭೂಪಟ ತಿದ್ದುವ ಕೆಲಸ ಎಂದಿಗೂ ತಪ್ಪದು.) ಎಸ್.ಎಸ್.ಎಲ್.ಸಿ. ಮುಗಿಸಿದ ಗ್ರಾಮೀಣ ಬಡ ಕುಟುಂಬಗಳ ಮಕ್ಕಳನ್ನು ಆರಿಸಿ, ವಸತಿಸಹಿತವಾಗಿ ಮೂರು ವರ್ಷ ಕಲಿಸುವ ಆ ಸಂಸ್ಥೆಯಲ್ಲಿ ವಿದ್ಯಾರ್ಥಿಯಿಂದ ಶುಲ್ಕ ತೆಗೆದುಕೊಳ್ಳುವುದಿಲ್ಲ. ಹೀಗೆ ಒಂದೇ ಸೀಮೆಯಲ್ಲಿ ವಿದ್ಯೆಯ ವೆಚ್ಚವನ್ನು ಹೊರುವ ಮೂರು ರೀತಿಗಳು ಅಕ್ಕಪಕ್ಕದಲ್ಲಿಯೇ ಕಾಣುತ್ತವೆ: ಸರ್ಕಾರಿ ಕಾಲೇಜಿನಲ್ಲಿ ಬಹುಪಾಲನ್ನು ರಾಜ್ಯ ಹೊರುತ್ತದೆ, ಖಾಸಗಿ ಕಾಲೇಜಿನಲ್ಲಿ ಮನೆಯವರು ಹೊರುತ್ತಾರೆ, ಇಲ್ಲಿ ಉದ್ಯಮಿ ಹೊರುತ್ತಾನೆ.

ಮನೆಯವರು ಹೊರುವುದೆಂದರೆ ಏನೆಂಬುದನ್ನು ರೇಷ್ಮೆ ಬೆಳೆಯುವ ಮನೆಯಲ್ಲಿ ನೋಡಬೇಕು. ಚಾಕಿ ಹುಳು ತಂದ ದಿನದಿಂದ ಚಂದ್ರಿಕೆಗೆ ಬಿಟ್ಟು ಗೂಡು ಬಿಡಿಸುವವರೆಗೆ ಸುಮಾರು ನಾಲ್ಕು ವಾರ. ಆ ಬಳಿಕ ರಾಮನಗರದ ಗೂಡಿನ ಮಾರುಕಟ್ಟೆಯ ಹರಾಜಿನಲ್ಲಿ ಆ ದಿನ ಕೂಗಿದ ಧಾರಣೆಯೇ ಮನೆಯ ವರಮಾನ. ಹುಳುವಿಗೆ ರೋಗ ತಗುಲಿದರೆ ಅದೂ ಇಲ್ಲ. ವರಮಾನ ಹೀಗೆ ಕಂತುಕಂತಾಗಿ, ಅನಿಶ್ಚಿತವಾಗಿ ಬರುವಾಗ ಶುಲ್ಕ ಮಾತ್ರ ಗೊತ್ತಾದ ದಿನದಂದು ಇಡುಗಂಟಾಗಿ ಕೇಳುತ್ತದೆ. ವಿದ್ಯಾರ್ಥಿಗಳ ಸಭೆಯೊಂದಿದ್ದರೆ ಅದು ಮೊತ್ತದ ಪ್ರಶ್ನೆಗಿಂತ ಮೊದಲು ಕಂತಿನ ಪ್ರಶ್ನೆಯನ್ನೇ ಎತ್ತುತ್ತಿದ್ದಿತೆಂದು ನಾವು ಊಹಿಸುತ್ತೇವೆ. ಲೆಕ್ಕಪರಿಶೋಧಕರ ಪಟ್ಟಿಯಲ್ಲಿ ಕಾಣದ ಸಂಗತಿಗಳು ಇಂಥವೇ.

ಕಾರ್ಖಾನೆಯ ಗೋಡೆಯ ಒಳಗಿನ ಸ್ಥಿತಿ ಹೋಲಿಕೆಗೆ ತಕ್ಕುದು. 1947ರ ಕೈಗಾರಿಕಾ ವಿವಾದಗಳ ಕಾಯಿದೆಯಲ್ಲಿ, 100 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಇಬ್ಬಣದವರೂ ಕೂಡಿದ ಕಾರ್ಯಸಮಿತಿಗೆ ಅವಕಾಶವಿದ್ದಿತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ವೇತನದ ವಿಷಯದಲ್ಲಿ ಕಾರ್ಮಿಕ ಸಂಘದೊಡನೆ ಮಾತುಕತೆ ನಡೆಯುವುದು ರೂಢಿ. ಮಾತುಕತೆ ಮುರಿದು 2014ರ ಮಾರ್ಚಿಯಲ್ಲಿ ಬಿಡದಿಯ ಟೊಯೋಟ ಕಾರ್ಖಾನೆಗೆ ಬೀಗಮುದ್ರೆ ಬಿದ್ದುದುಂಟು. 2020ರ ನವೆಂಬರಿನಲ್ಲಿ ಬೇರೆ ಕಾರಣಕ್ಕೆ ಮತ್ತೆ ಬಿದ್ದುದೂ ಉಂಟು. ಘರ್ಷಣೆ ನಡೆಯಿತೆಂದು ಕಾರ್ಮಿಕ ಸಂಘವನ್ನೇ ಕಾಯಿದೆಯಿಂದ ತೆಗೆದುಹಾಕಲಿಲ್ಲ. ಇಪ್ಪತ್ತು ವರ್ಷದ ಕಾರ್ಮಿಕನಿಗೆ ತನ್ನ ಕೂಲಿಯನ್ನು ಕುರಿತು ಪ್ರತಿನಿಧಿಯುಂಟು. ಅವನ ಒಡಹುಟ್ಟಿದ ವಿದ್ಯಾರ್ಥಿಗೆ ತನ್ನ ಶುಲ್ಕವನ್ನು ಕುರಿತು ಇಲ್ಲ. ಇವರಿಬ್ಬರ ನಡುವೆ ಮೂರನೆಯವನೊಬ್ಬನಿದ್ದಾನೆ. 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಅಪ್ರೆಂಟಿಸನು ಕಲಿಯುವವನು, ಕಾರ್ಮಿಕನಲ್ಲ. ಹಾಗೆಂದು ಅವನು ಕಾಲೇಜಿನ ವಿದ್ಯಾರ್ಥಿಯೂ ಅಲ್ಲ. ಈ ಕೈಗಾರಿಕಾ ಪ್ರದೇಶದ ಬೆಳಗಿನ ಪಾಳಿಯಲ್ಲಿ ಅಂಥವರು ಅಲ್ಪಸಂಖ್ಯಾತರಲ್ಲ.

ವಿದ್ಯಾರ್ಥಿಯನ್ನು ಕೇಳಿದರೆ ಅವನು ಯಾವ ಶುಲ್ಕವೃದ್ಧಿಗೂ ಒಪ್ಪಲಾರನೆಂಬ ಆಕ್ಷೇಪಣೆ ಸಾಮಾನ್ಯವಾಗಿ ಕೇಳಿಬರುತ್ತದೆ. ಅನುಭವ ಹಾಗೆ ಹೇಳುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಪ್ರಾಂಗಣಗಳಲ್ಲಿ ವಿದ್ಯಾರ್ಥಿಗಳ ಸೌಕರ್ಯಕ್ಕೆ ಸಂಬಂಧಿಸಿದ ಶುಲ್ಕಗಳನ್ನು ವಿದ್ಯಾರ್ಥಿಗಳ ಮತದಾನಕ್ಕೆ ಇಡುವ ಪದ್ಧತಿಯಿದೆ. ವ್ಯಾಯಾಮಶಾಲೆಗೋ ಬಸ್ಸಿಗೋ ತಾವೇ ಶುಲ್ಕ ಹಾಕಿಕೊಂಡ ನಿದರ್ಶನಗಳಿವೆ. ಬೋಧನಾ ಶುಲ್ಕ ಮಾತ್ರ ರೀಜೆಂಟರ ಮಂಡಲಿಯ ಕೈಯಲ್ಲಿದ್ದು, ಅಲ್ಲಿ ಮತಾಧಿಕಾರವುಳ್ಳ ಒಬ್ಬ ವಿದ್ಯಾರ್ಥಿಗೆ ಸ್ಥಾನವಿದೆ. ಒಂದು ಸ್ಥಾನದಿಂದಲೇ ಎಲ್ಲವೂ ಆಗುವುದೆಂದು ನಾವು ನಂಬಿಲ್ಲ. ದಕ್ಷಿಣ ಆಫ್ರಿಕದಲ್ಲಿ ವಿಶ್ವವಿದ್ಯಾನಿಲಯಗಳ ಆಡಳಿತ ಮಂಡಲಿಗಳಲ್ಲಿ ವಿದ್ಯಾರ್ಥಿಗಳಿರಬೇಕೆಂದು 1997ರ ಕಾಯಿದೆಯೇ ಹೇಳುತ್ತದೆ. ಹಾಗಿದ್ದೂ 2015ರಲ್ಲಿ ವಿಟ್ವಾಟರ್ಸ್‌ರ್‍ಯಾಂಡ್ ವಿಶ್ವವಿದ್ಯಾನಿಲಯವು ಶೇಕಡ 10.5ರ ಹೆಚ್ಚಳವನ್ನು ಪ್ರಕಟಿಸಿದಾಗ ಪ್ರಶ್ನೆ ಮಂಡಲಿಯ ಕೊಠಡಿಯಲ್ಲಿ ತೀರದೆ ದೇಶವ್ಯಾಪಿ ಚಳವಳಿಯಾಯಿತು, ಅಕ್ಟೋಬರ್ 23ರಂದು ಅಧ್ಯಕ್ಷ ಜುಮಾ ಹೆಚ್ಚಳವನ್ನು ಕೈಬಿಟ್ಟುದಾಗಿ ಸಾರಬೇಕಾಯಿತು. ನಮ್ಮ ದೇಶದಲ್ಲಿಯೇ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ 2019ರಲ್ಲಿ ಹಾಸ್ಟೆಲಿನ ಕೊಠಡಿ ಬಾಡಿಗೆಯನ್ನು ತಿಂಗಳಿಗೆ 10 ಮತ್ತು 20 ರೂಪಾಯಿಗಳಿಂದ 300 ಮತ್ತು 600ಕ್ಕೆ ಏರಿಸಲು ಹೊರಟಾಗ ನಡೆದ ಹೋರಾಟವನ್ನು ಎಲ್ಲರೂ ಬಲ್ಲರು. ಕೇಳದೆ ಮಾಡಿದ ಹೆಚ್ಚಳಕ್ಕೆ ಉತ್ತರ ಬೀದಿಯಲ್ಲಿಯೇ ದೊರೆಯುತ್ತದೆ.

ನಮಗೆ ತೋರುವ ನಿಜವಾದ ತೊಡಕು ಬೇರೊಂದಿದೆ. ಹೆಚ್ಚಳವು ಮುಂದಿನ ವರ್ಷ ಸೇರುವವರಿಗೆ ಮಾತ್ರ ಅನ್ವಯಿಸುವುದಾದರೆ, ಇಂದಿನ ಸಂಘವು ಬೆಂಬಲ ಕೊಟ್ಟರೆ ಅದು ಪರರ ಹಣದ ಮೇಲೆ ಕೊಟ್ಟ ಬೆಂಬಲವಾಗುತ್ತದೆ. ಹೊಸ ಪ್ರಯೋಗಾಲಯ ಇವರಿಗೆ, ಸಾಲ ತಮ್ಮಂದಿರಿಗೆ. ಶುಲ್ಕಕ್ಕೆ ಹೆದರಿ ಕಾಲೇಜಿನ ಬಾಗಿಲಿಗೇ ಬಾರದವನಿಗೆ ಯಾವ ಸಂಘದಲ್ಲಿಯೂ ಮತವಿಲ್ಲ. ಆದಕಾರಣ ವಿದ್ಯಾರ್ಥಿ ಸಂಘದ ಸಮ್ಮತಿಯು ಹೆಚ್ಚಳವನ್ನು ತಾವೇ ತೆರುವವರ ಮಟ್ಟಿಗೆ ಮಾತ್ರ ಸಮ್ಮತಿಯೆನಿಸಿಕೊಳ್ಳಬೇಕು; ಉಳಿದವರ ಪರವಾಗಿ ರಾಜ್ಯವೇ ಹೊಣೆಹೊರಬೇಕು. 1923ರ ನಿಯಮದಲ್ಲಿ ಸಂಸ್ಥಾನದ ಪ್ರಜೆಗೆ ದೊರೆತಷ್ಟು, ಎಂದರೆ ಹೆಚ್ಚಿಸುವ ಮುನ್ನ ಕಾರಣ ಹೇಳಿ ಅಭಿಪ್ರಾಯ ಕೇಳುವಷ್ಟು, ಇಂದಿನ ವಿದ್ಯಾರ್ಥಿಗೂ ದೊರೆಯಬೇಕೆಂಬುದು ದೊಡ್ಡ ಬೇಡಿಕೆಯೆಂದು ನಮಗೆ ತೋರುವುದಿಲ್ಲ.

ಸರ್ವೋಚ್ಚ ನ್ಯಾಯಾಲಯವು 2006ರ ಸೆಪ್ಟೆಂಬರ್ 22ರಂದು ಲಿಂಗ್ಡೋ ಸಮಿತಿಯ ಶಿಫಾರಸುಗಳನ್ನು ಅಂಗೀಕರಿಸಿ ವಿದ್ಯಾರ್ಥಿ ಚುನಾವಣೆಗಳಿಗೆ ನಿಯಮಗಳನ್ನು ವಿಧಿಸಿತು: ಅಭ್ಯರ್ಥಿಯ ವೆಚ್ಚ 5,000 ರೂಪಾಯಿಗೆ ಮೀರಬಾರದು, ಹಾಜರಿ ಶೇಕಡ 75 ಇರಬೇಕು, ಇತ್ಯಾದಿ. ವೆಚ್ಚವನ್ನೂ ಹಾಜರಿಯನ್ನೂ ಅಷ್ಟು ಜಾಗರೂಕತೆಯಿಂದ ಅಳೆದ ಆ ಚರ್ಚೆ, ಆರಿಸಿ ಬಂದ ಸಂಘಕ್ಕೆ ಶುಲ್ಕದ ವಿಷಯದಲ್ಲಿ ಯಾವ ಅಧಿಕಾರವಿರಬೇಕೆಂಬುದನ್ನು ಮುಖ್ಯ ವಿಷಯವಾಗಿ ಎತ್ತಿಕೊಳ್ಳಲಿಲ್ಲ. ವಿದ್ಯಾರ್ಥಿ ನಾಯಕರಾಗಿಯೇ ರಾಜಕೀಯ ಪ್ರವೇಶಿಸಿದ, ಕನಕಪುರದ ಶಾಸಕರೂ ಆಗ ಉಪಮುಖ್ಯಮಂತ್ರಿಗಳೂ ಆಗಿದ್ದ ಡಿ.ಕೆ. ಶಿವಕುಮಾರ್ ಅವರು ಕಾಲೇಜುಗಳಲ್ಲಿ ಚುನಾವಣೆಗಳನ್ನು ಮರಳಿ ತರುವ ವಿಚಾರವನ್ನು 2025ರಲ್ಲಿ ಎತ್ತಿದಾಗಲೂ ಪರವಿರೋಧಗಳೆರಡೂ ಶಿಸ್ತು, ಹಿಂಸೆ, ಭಾವೀ ನಾಯಕರ ತಯಾರಿ ಇವುಗಳ ಸುತ್ತಲೇ ಹೆಚ್ಚಾಗಿ ನಡೆದವು. ಸಂಘವೊಂದು ಮರಳಿ ಬಂದರೆ ಅದರ ಮೊದಲ ಸಭೆಯ ಕಾರ್ಯಸೂಚಿಯಲ್ಲಿ ಕಾಲೇಜಿನ ಆಯವ್ಯಯ ಪಟ್ಟಿ ಇರುವುದೋ, ಉದ್ಘಾಟನಾ ಭಾಷಣಕ್ಕೆ ಯಾರನ್ನು ಕರೆಯಬೇಕೆಂಬುದು ಇರುವುದೋ ನೋಡಬೇಕು.